ಕಲ್ಯಾಣಿ ಕೊಡದ ಮುಡಿ

ಗೌರಿಬಿದನೂರಿನ ರೈಲ್ವೆ ಸ್ಟೇಷನ್ನಿಗೆ ಹತ್ತಿರದ ವರಲಕ್ಷ್ಮಮ್ಮನ ವಟಾರದಲ್ಲಿ ಕಲ್ಯಾಣಿಗೆ ಒಂದು ವಿಶೇಷ ಗೌರವವಿತ್ತು. ಒಂಟಿ ಹೆಂಗಸು, ವಯಸ್ಸು ಮೂವತ್ತೇಳು, ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ, ಯಾರ ತಂಟೆಗೂ ಹೋಗುವವಳಲ್ಲ. ಗೌರವ ಇದಕ್ಕಲ್ಲ. ಪ್ರತಿ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಕೂಡಲೇ ಅವಳು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರುತ್ತಿದ್ದಳು. ಹೋಗುವಾಗ ಬೆನ್ನ ಮೇಲೆ ಸೊಂಟ ಮುಟ್ಟುವ ಜಡೆ. ಬರುವಾಗ ಬೋಳುತಲೆ, ಮೇಲೊಂದು ಹತ್ತಿಬಟ್ಟೆ, ಕೈಯಲ್ಲಿ ಲಾಡಿನ ಪೊಟ್ಟಣ.

"ಒಂದ್ಸಲ ಕೊಡೋದಕ್ಕೇ ನಮಗೆ ಎದೆ ಡವಡವ ಅನ್ನುತ್ತೆ. ಈ ಹುಡುಗಿ ವರ್ಷಾವರ್ಷಾ ಕೊಡ್ತಾಳಲ್ಲೇ," ಎಂದು ಎದುರುಮನೆಯ ಮುನಿಶಾಮಮ್ಮ ನಲ್ಲಿಯ ಹತ್ತಿರ ಹೇಳುತ್ತಿದ್ದಳು. "ಅದಕ್ಕೇ ಆ ಸ್ವಾಮಿ ಅಷ್ಟು ಬೇಗ ವಾಪಸ್ ಕೊಡೋದು."

ಕಲ್ಯಾಣಿ ಒಂದು ಸಲವೂ ತಿರುಪತಿಗೆ ಹೋದವಳಲ್ಲ.

ಅವಳ ಕೂದಲು ಹೋದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಆಗ ಚಿಂತಾಮಣಿಯ ಕಾಲೇಜಿನಲ್ಲಿ ಎರಡನೇ ವರ್ಷ. ಜಡೆ ಹಾಕುತ್ತಿದ್ದ ಗೆಳತಿ ಕೈ ನಿಲ್ಲಿಸಿ, ಕಿವಿಯ ಹಿಂದೆ ಎಂಟಾಣೆಯಷ್ಟು ಅಗಲಕ್ಕೆ ನುಣ್ಣಗಾಗಿದೆ ಎಂದಳು. ಅಂಬಾಜಿದುರ್ಗದ ಬೆಟ್ಟದ ಕೆಳಗಿನ ಅವರ ಊರಿನಲ್ಲಿ ಮನೆಯ ಮಾತು ಕನ್ನಡವಾದರೂ ಕಾಯಿಲೆಗಳ ಹೆಸರೆಲ್ಲ ತೆಲುಗು. ಅಮ್ಮ ನೋಡಿದವಳೇ, "ಪೇನುಕೊರುಕುಡು" ಎಂದಳು. ಹೇನು ಕಡಿದು ತಿಂದದ್ದು. ಗುಲಗಂಜಿ ತೇಯ್ದು ಹಚ್ಚಿದರು, ಈರುಳ್ಳಿ ರಸ ಹಚ್ಚಿದರು, ನೆತ್ತಿ ಉರಿದು ಬೊಬ್ಬೆ ಎದ್ದಿತು. ಏಳು ತಿಂಗಳಲ್ಲಿ ತಲೆಯ ಮೇಲೆ ಒಂದು ಎಳೆ ಉಳಿಯಲಿಲ್ಲ. ಹುಬ್ಬೂ ಹೋಯಿತು.

ಅಪ್ಪ ನಲ್ಲಪ್ಪ ಗಾರೆ ಕೆಲಸದವನು. ಮನೆಯ ಗೋಡೆಗೆ ಬುದ್ಧನ ಪಟ ಹಾಕಿದ ಮೇಲೆ ಹರಕೆಗಳನ್ನೆಲ್ಲ ಬಿಟ್ಟವನು. ಬಂಧುಗಳು ಆ ದೇವರು ಈ ದೇವರು ಎಂದಾಗ, "ಡಾಕ್ಟ್ರ ಹತ್ರ ಹೋಗಣ ಬಾರಮ್ಮ" ಎಂದು ಮಗಳನ್ನು ಬೆಂಗಳೂರಿನ ಬಸ್ಸು ಹತ್ತಿಸಿದ. ದೇಹ ತನ್ನ ಕೂದಲಿನ ಬೇರನ್ನೇ ಹೊರಗಿನದೆಂದು ತಿಳಿದು ಹೊಡೆದು ಹಾಕುವ ಕಾಯಿಲೆಯಿದು, ಪ್ರಾಣಕ್ಕೇನೂ ಭಯವಿಲ್ಲ, ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅದೇ ದಿನ ನಲ್ಲಪ್ಪ ಅವಿನ್ಯೂ ರೋಡಿನ ಸಂದಿಯೊಂದರಲ್ಲಿ ವಿಗ್ ಕೊಡಿಸಿದ. ಚಪ್ಪಲಿ ಕೊಡಿಸುವಾಗ ಕೇಳುವ ಹಾಗೆಯೇ ಕೇಳಿದ: "ಅಳತೆ ಸರಿಯಾಗೈತೇನಮ್ಮ? ಬಿಗಿ ಏನಿಲ್ಲ ತಾನೆ?"

ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಆ ಪ್ರಶ್ನೆಯನ್ನು ಅವಳನ್ನು ಮತ್ತೆ ಯಾರೂ ಕೇಳಿಲ್ಲ.

ನಡುವೆ ಶಿಡ್ಲಘಟ್ಟದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನೇ. ಇಬ್ಬರನ್ನೇ ಮಾತಾಡಲು ಬಿಟ್ಟಾಗ ಕಲ್ಯಾಣಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನು ಟೀ ಲೋಟದ ಕೆನೆಯನ್ನೇ ನೋಡುತ್ತಾ ಕೂತ. ಮಾರನೇ ದಿನ, ಹುಡುಗನಿಗೆ ಈಗಲೇ ಮದುವೆ ಬೇಡವಂತೆ ಎಂದು ಫೋನು ಬಂತು. ಮುಂದಿನ ತಿಂಗಳೇ ಅವನ ಮದುವೆಯಾಯಿತು. ಇನ್ನು ಮೇಲೆ ಯಾರಿಗೂ ಹೇಳುವುದಿಲ್ಲ ಎಂದು ಅವಳು ಆವತ್ತು ನಿರ್ಧಾರ ಮಾಡಿದಳು. ಅಣ್ಣ ಅಂಬರೀಶನಿಗೆ ಮಕ್ಕಳಾಗಿ ಊರ ಮನೆ ಇಕ್ಕಟ್ಟಾದಾಗ ಗೌರಿಬಿದನೂರಿಗೆ ಬಂದಳು.

ತಿರುಪತಿಯ ಸುಳ್ಳು ಅವಳು ಕಟ್ಟಿದ್ದಲ್ಲ. ತಾನಾಗಿ ಬಂದು ಕೈಗೆ ಸಿಕ್ಕಿದ್ದು. ವಟಾರಕ್ಕೆ ಬಂದ ಮೊದಲ ಬೇಸಿಗೆ. ವಿಗ್ಗಿನ ಒಳಗೆ ಬೆವರು ಕೂತು ನೆತ್ತಿಯ ತುಂಬ ಗುಳ್ಳೆ. ರಜೆಯ ದಿನ ಮಧ್ಯಾಹ್ನ, ಎಲ್ಲರೂ ಮಲಗಿದ್ದಾರೆಂದುಕೊಂಡು, ಹಿತ್ತಲಿನ ನಲ್ಲಿಗೆ ತಲೆಯೊಡ್ಡಿ ಕೂತಿದ್ದಳು. ಎದ್ದು ತಿರುಗಿದರೆ ಮನೆಯೊಡತಿ ವರಲಕ್ಷ್ಮಮ್ಮ, ಕೈಯಲ್ಲಿ ಒಣಗಿದ ಬಟ್ಟೆಗಳ ರಾಶಿ.

"ಅಯ್ಯೋ, ತಿರುಪತಿಗೆ ಹೋಗಿದ್ಯೇನಮ್ಮಾ? ಒಂದು ಮಾತು ಹೇಳ್ಬಾರ್ದಾ! ಪ್ರಸಾದ ಎಲ್ಲಿ?"

"ಹೂಂ" ಎಂದಳು ಕಲ್ಯಾಣಿ. ಒಂದೇ ಒಂದು ಹೂಂ. ನಮ್ಮ ಕಡೆ ಹೆಂಗಸಿನ ಬೋಳುತಲೆ ಕಂಡರೆ ಯಾರ ಬಾಯಲ್ಲೂ ಬರುವುದು ಅದೊಂದೇ ಪ್ರಶ್ನೆ. ಅದರಲ್ಲಿ ಕನಿಕರವಿಲ್ಲ, ಅನುಮಾನವಿಲ್ಲ, ಸ್ವಲ್ಪ ಹೊಟ್ಟೆಕಿಚ್ಚು ಕೂಡ ಇದೆ. ಹತ್ತು ವರ್ಷ ಕತ್ತಲಲ್ಲಿ ಹೊತ್ತದ್ದನ್ನು ಆ ಒಂದು ಹೂಂ ಅಂಗಳದ ಬೆಳಕಿಗೆ ತಂದಿಟ್ಟಿತು. ಸಂಜೆ ಅವಳು ತಲೆಗೆ ಬಟ್ಟೆ ಮಾತ್ರ ಕಟ್ಟಿಕೊಂಡು ಅಂಗಡಿಗೆ ಹೋದಳು. ಗಾಳಿ ನೆತ್ತಿಗೆ ತಗುಲಿತು.

ಆಮೇಲಿನದೆಲ್ಲ ಅಭ್ಯಾಸ. ಬೇಸಿಗೆ ಶುರುವಿಗೆ ಎರಡು ದಿನ ರಜೆ ಹಾಕಿ ಬೆಂಗಳೂರಿನ ರೈಲು ಹತ್ತುವುದು, ಉದ್ದನೆಯ ವಿಗ್ಗನ್ನು ಸರಿಮಾಡಲು ಕೊಡುವುದು, ಯಶವಂತಪುರದ ಅಂಗಡಿಯಲ್ಲಿ ಲಾಡು ಕೊಳ್ಳುವುದು. ಅದನ್ನು ಲಾಡ್ಜಿನ ಕೋಣೆಯಲ್ಲಿ ಪುಡಿಮಾಡಿ, ಕಲ್ಲುಸಕ್ಕರೆಯ ಚೂರು, ಚಿಟಿಕೆ ಪಚ್ಚಕರ್ಪೂರ ಬೆರೆಸಿ ಮತ್ತೆ ಕಟ್ಟುವುದು. ಯುಗಾದಿಯಿಂದ ಆಷಾಢದವರೆಗೆ ಬರೀ ಬಟ್ಟೆ. ಶ್ರಾವಣದಲ್ಲಿ ಕಿವಿ ಮುಚ್ಚುವಷ್ಟು ಗಿಡ್ಡ ವಿಗ್. ಕಾರ್ತಿಕದ ಹೊತ್ತಿಗೆ ಉದ್ದನೆಯದು, ಚೌರಿ ಸೇರಿಸಿಕೊಂಡೆ ಎಂಬ ಮಾತಿನೊಂದಿಗೆ. ಬರದ ಕೂದಲನ್ನು ಅವಳು ತಿಂಗಳು ತಿಂಗಳು ಬೆಳೆಸುತ್ತಿದ್ದಳು.

ಎರಡನೇ ವರ್ಷ ಒಂದು ತೊಡಕು ಬಂತು. ಹೊರಟಿದ್ದವಳ ಕೈಗೆ ಮುನಿಶಾಮಮ್ಮ ಅರಿಶಿನದ ಬಟ್ಟೆಯ ಗಂಟೊಂದನ್ನು ಇಟ್ಟಳು. ಮೊಮ್ಮಗಳು ಅಮೃತಾಗೆ ದಡಾರ ಬಂದಾಗ ಕಟ್ಟಿದ ಮುಡಿಪು, ಹನ್ನೊಂದು ರೂಪಾಯಿ. "ನೀನೇ ಹುಂಡಿಗೆ ಹಾಕ್ಬಿಡಮ್ಮ. ನಿನ್ನ ಕೈಯಿಂದ ಹೋದ್ರೆ ನಾನು ಹೋದಂಗೆ." ಬೇಡವೆನ್ನುವುದು ಹೇಗೆ? ಅದನ್ನು ನೋಡಿ ಉಳಿದವರೂ ಕೊಟ್ಟರು. ಎಂಟು ವರ್ಷದಲ್ಲಿ ಹತ್ತೊಂಬತ್ತು ಗಂಟು. ಕಲ್ಯಾಣಿ ಒಂದನ್ನೂ ಬಿಚ್ಚಲಿಲ್ಲ. ಬಿಸ್ಕತ್ತಿನ ಡಬ್ಬಿಯೊಳಗೆ ಹಾಕಿ ಗೂಡಿನಲ್ಲಿದ್ದ ಬುದ್ಧನ ಪಟದ ಹಿಂದೆ ಇಟ್ಟಳು. ಅಪ್ಪನ ಪಟವನ್ನು ಅದೇ ಗೂಡಿನಲ್ಲಿಡಲು ಯಾಕೋ ಮನಸ್ಸಾಗದೆ ಬೇರೆ ಗೋಡೆಗೆ ಹಾಕಿದ್ದಳು.

ಫ್ಯಾಕ್ಟರಿಯಲ್ಲಿ ಆ ಕಷ್ಟವಿರಲಿಲ್ಲ. ಪ್ಯಾಕಿಂಗ್ ಹಾಲಿನಲ್ಲಿ ಎಲ್ಲರಿಗೂ ಹಣೆಯಿಂದ ಕತ್ತಿನವರೆಗೆ ನೀಲಿ ಟೋಪಿ ಕಡ್ಡಾಯ. ಬಾಗಿಲಲ್ಲಿ ಸೂಪರ್‌ವೈಸರ್ ರಮೇಶ್‌ಬಾಬು ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡುತ್ತಿದ್ದ. "ಏನ್ರಮ್ಮಾ, ಡಬ್ಬೀಲಿ ಕೂದಲು ಸಿಕ್ಕಿದ್ರೆ ನನ್ನ ತಲೆ ಹೋಗುತ್ತೆ. ಕಲ್ಯಾಣಿ ಅವರನ್ನ ನೋಡಿ ಕಲೀರಿ. ಆರು ವರ್ಷದಲ್ಲಿ ಒಂದು ಎಳೆ ಹೊರಗೆ ಬಂದಿಲ್ಲ!" ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ಕಲ್ಯಾಣಿಯೂ ನಗುತ್ತಿದ್ದಳು. ನಲವತ್ತು ಜನ ಒಂದೇ ನೀಲಿ ತಲೆಯವರಾಗಿ ನಿಲ್ಲುವ ಆ ಎಂಟು ಗಂಟೆ ಅವಳ ದಿನದಲ್ಲಿ ಅತ್ಯಂತ ಹಗುರಾದ ಹೊತ್ತು.

ಈಗಿನ ಕಥೆ ಶುರುವಾದದ್ದು ಕಳೆದ ಕಾರ್ತಿಕದಲ್ಲಿ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳನ್ನು ಎರಡು ಸಲ ನೋಡಿದ್ದ ಚರ್ಮದ ಡಾಕ್ಟರು ಭಾನುಪ್ರಕಾಶ್ ಒಂದು ಸಂಶೋಧನೆ ಮಾಡಬೇಕೆಂದಿದ್ದರು. ಈ ಕಾಯಿಲೆಗೆ ಈಗಿರುವ ಮಾತ್ರೆ ದುಬಾರಿ, ಬಿಟ್ಟರೆ ಬಂದ ಕೂದಲೂ ಉದುರುತ್ತದೆ. ಹಚ್ಚಿಕೊಳ್ಳುವ ಅಗ್ಗದ ಲೇಪವೊಂದು ಸಾಧ್ಯವೇ ಎಂದು ನೋಡುವುದು. ಹಣ ಕೊಡಬೇಕಾದ ಕಡೆಯಲ್ಲೆಲ್ಲ, ಕೂದಲು ಹೋದರೆ ಯಾರೂ ಸಾಯುವುದಿಲ್ಲವಲ್ಲ ಎಂದಿದ್ದರಂತೆ. ಅದಕ್ಕೆ ಅವರು ಇಂಟರ್‌ನೆಟ್ಟಿನಲ್ಲಿ ಒಂದು ಪುಟ ತೆರೆದರು. ಕ್ರೌಡ್‌ಫಂಡಿಂಗ್ ಅನ್ನುತ್ತಾರಲ್ಲ, ಅದು. ಯಾರು ಬೇಕಾದರೂ ಎಷ್ಟು ಬೇಕಾದರೂ ಕೊಡಬಹುದು. ತೊಂಬತ್ತು ದಿನ ಗಡುವು. ಅಷ್ಟರಲ್ಲಿ ಗುರಿಯ ಅರ್ಧವಾದರೂ ತುಂಬದಿದ್ದರೆ ಕೊಟ್ಟವರಿಗೆಲ್ಲ ಅವರವರ ಹಣ ವಾಪಸ್, ಸಂಶೋಧನೆ ಇಲ್ಲ.

ಕಲ್ಯಾಣಿ ಸಂಬಳ ಬಂದ ದಿನವೇ ಐನೂರು ಹಾಕಿದಳು. ಹೆಸರು ಕೇಳಿದ ಜಾಗದಲ್ಲಿ 'ಅನಾನಿಮಸ್' ಎಂಬುದನ್ನು ಒತ್ತಿದಳು. ಊಟದ ಹೊತ್ತಿನಲ್ಲಿ ಸೈಕಲ್ ಸ್ಟ್ಯಾಂಡಿನ ಹಿಂದಿನ ಹೊಂಗೆಮರದ ಕೆಳಗೆ ಕೂತು ಕೊಟ್ಟವರ ಪಟ್ಟಿ ನೋಡುವುದು ಅವಳ ಅಭ್ಯಾಸವಾಯಿತು. ಐನೂರು, ಸಾವಿರ, ಎರಡು ಸಾವಿರ. ಇಂಗ್ಲಿಷಿನ ಹಾರೈಕೆಗಳು. ನಡುನಡುವೆ ಹೆಸರು ಹೇಳಲು ಇಷ್ಟವಿಲ್ಲದವರು. ತನ್ನದು ಯಾವುದು ಎಂದು ದಿನಾಂಕ ನೋಡಿ ಗುರುತು ಹಿಡಿಯುತ್ತಿದ್ದಳು. ಉಳಿದ ಅನಾನಿಮಸ್‌ಗಳು ಎಲ್ಲಿ ಕೂತಿದ್ದಾರೋ, ಅವರ ಹತ್ತಿರ ಎಷ್ಟು ವಿಗ್ ಇವೆಯೋ.

ಪಟ್ಟಿ ಬೇಗ ಬೆಳೆಯಲಿಲ್ಲ. ಡಾಕ್ಟರು ಫೋನ್ ಮಾಡಿದರು.

"ಕಲ್ಯಾಣಿಯವರೇ, ಇಂಗ್ಲಿಷ್‌ನಲ್ಲಿ ಆರು ಜನ ವಿಡಿಯೋದಲ್ಲಿ ಮಾತಾಡಿದ್ದಾರೆ. ಕನ್ನಡದಲ್ಲಿ ಒಬ್ಬರೂ ಇಲ್ಲ. ನೀವು ಎರಡೇ ನಿಮಿಷ..."

"ಮುಖ ತೋರಿಸ್ಬೇಕಾ ಸಾರ್?"

"ತಲೆ ತೋರಿಸ್ಬೇಕು."

"ಆಗಲ್ಲ ಸಾರ್." ಫೋನ್ ಇಟ್ಟ ಮೇಲೆ ಅವಳ ಕೈ ತಾನಾಗಿ ಹೋಗಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡಿತ್ತು.

ಅದೇ ವಾರ ಮುನಿಶಾಮಮ್ಮ ಬಂದು ಹೊಸ್ತಿಲ ಮೇಲೆ ಕೂತಳು. ಜೊತೆಗೆ ಅಮೃತಾ, ಒಂಬತ್ತು ವರ್ಷದ್ದು. ಮಗಳು ಜ್ಯೋತಿಲಕ್ಷ್ಮಿ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದುದರಿಂದ ಮಗುವಿನ ಜವಾಬ್ದಾರಿ ಅಜ್ಜಿಯದೇ. ಮುನಿಶಾಮಮ್ಮ ಮಗುವಿನ ರಿಬ್ಬನ್ ಬಿಚ್ಚಿ ಕೂದಲನ್ನು ಎತ್ತಿ ಹಿಡಿದಳು. ಕಿವಿಯ ಹಿಂದೆ ಎಂಟಾಣೆಯಷ್ಟು ಅಗಲ. ನೆತ್ತಿಯ ಹತ್ತಿರ ಇನ್ನೊಂದು. ಇನ್ನೊಂದು.

"ಪೇನುಕೊರುಕುಡು," ಎಂದಳು ಮುನಿಶಾಮಮ್ಮ.

ಕಲ್ಯಾಣಿಗೆ ಗುಲಗಂಜಿಯ ಉರಿ ನೆತ್ತಿಯ ಮೇಲೆ ಹಾದಂತಾಯಿತು. "ಡಾಕ್ಟ್ರಿಗೆ ತೋರಿಸಿದ್ರಾ ಅಮ್ಮ?"

"ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಹೋಗಿದ್ವಿ. ಮುಲಾಮು ಕೊಟ್ಟವ್ರೆ. ಒಂದು ತಿಂಗಳಾಯ್ತು, ಏನೂ ಇಲ್ಲ. ಅದನ್ನ ಬಿಡಿಸ್ಬಿಟ್ಟೆ. ನಾನು ಬಂದಿದ್ದು ಅದಕ್ಕಲ್ಲ ಕಣಮ್ಮ." ಅವಳು ಮುಂದಕ್ಕೆ ಜರುಗಿದಳು. "ಬರೋ ಶನಿವಾರ ಬಸ್ಸಿಗೆ ಮೂರು ಟಿಕೆಟ್ ಹೇಳಿದ್ದೀನಿ. ನಾನು, ಮಗು, ನೀನು. ಇವಳದ್ದು ಪೂರ್ತಿ ಮುಡಿ ಕೊಟ್ಬಿಡಣ. ನೀನು ಪಕ್ಕದಲ್ಲಿ ನಿಂತು ಒಂದು ಮಾತು ಕೇಳ್ಕೋ. ನಿನಗೆ ಅಷ್ಟುದ್ದ ಕೊಡೋ ಸ್ವಾಮಿ ನಿನ್ನ ಮಾತು ತೆಗೆದುಹಾಕಲ್ಲ."

ಅಮೃತಾ ಕಲ್ಯಾಣಿಯ ಜಡೆಯನ್ನೇ ನೋಡುತ್ತಿದ್ದಳು. "ಆಂಟಿ, ಕೊಟ್ಟ ಮೇಲೆ ಎಷ್ಟು ದಿನಕ್ಕೆ ಬರುತ್ತೆ? ಶ್ರಾವಣಕ್ಕೆ ಬರುತ್ತಲ್ವಾ? ನಿಮಗೆ ಶ್ರಾವಣಕ್ಕೆ ಕಿವಿವರೆಗೂ ಬರುತ್ತೆ."

ಮಗು ಬುದ್ಧಿ ಬಂದಾಗಿನಿಂದ ನೋಡಿ ನೋಡಿ ಲೆಕ್ಕ ಇಟ್ಟಿತ್ತು.

ಅವರು ಹೋದ ಮೇಲೆ ಕಲ್ಯಾಣಿ ಬಹಳ ಹೊತ್ತು ಅಲ್ಲೇ ಕೂತಿದ್ದಳು. ಶ್ರಾವಣ ಬರುತ್ತದೆ. ಮಗು ಕನ್ನಡಿಯ ಮುಂದೆ ನಿಲ್ಲುತ್ತದೆ. ಮುಲಾಮು ಬಿಟ್ಟ ತಲೆಯಲ್ಲಿ ಏನೂ ಇರುವುದಿಲ್ಲ. ಎದುರುಮನೆಯ ಆಂಟಿಗೆ ಮಾತ್ರ ಕಿವಿಯವರೆಗೂ ಬಂದಿರುತ್ತದೆ. ಆಂಟಿಗೆ ಕೊಟ್ಟ ಸ್ವಾಮಿ ನನಗೆ ಯಾಕೆ ಕೊಡಲಿಲ್ಲ ಎಂದು ಕೇಳುತ್ತದೆ, ಅಥವಾ ಕೇಳದೆ ಒಳಗೇ ಇಟ್ಟುಕೊಳ್ಳುತ್ತದೆ. ಒಳಗೆ ಇಟ್ಟುಕೊಂಡರೆ ಏನಾಗುತ್ತದೆ ಎಂಬುದು ಕಲ್ಯಾಣಿಗಿಂತ ಚೆನ್ನಾಗಿ ಇನ್ನು ಯಾರಿಗೆ ಗೊತ್ತು? ಹೇಳಿದರೆ ಈ ವಟಾರ ಹೋಗುತ್ತದೆ. ನಲ್ಲಿಯ ಹತ್ತಿರದ ಮಾತು, ಹಬ್ಬಕ್ಕೆ ಬರುವ ಒಬ್ಬಟ್ಟು, ತಲೆಗೆ ತಗುಲುವ ಮೂರು ತಿಂಗಳ ಗಾಳಿ, ಎಲ್ಲ. ಇಷ್ಟು ಬಿಟ್ಟರೆ ಅವಳಿಗೆ ಬೇರೆ ಯಾವ ಊರೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಅವಳು ಬಾಗಿಲು ತೆಗೆದು ಹೊರಗೆ ಬಂದಳು. ತಲೆಯ ಮೇಲೆ ಬಟ್ಟೆಯೂ ಇರಲಿಲ್ಲ. ಒಂದು ಕೈಯಲ್ಲಿ ವಿಗ್ಗು, ಇನ್ನೊಂದರಲ್ಲಿ ಬಿಸ್ಕತ್ತಿನ ಡಬ್ಬಿ.

ಕೊಡ ತುಂಬುತ್ತಿದ್ದ ವರಲಕ್ಷ್ಮಮ್ಮನಿಗೆ ಕಂಡದ್ದು ತಲೆ ಮಾತ್ರ. "ಅಯ್ಯೋ ಅಯ್ಯೋ, ಯಾವಾಗ ಹೋಗ್ಬಂದ್ಯೇ? ನೆನ್ನೆ ಸಂಜೆ ಇಲ್ಲೇ ಇದ್ಯಲ್ಲ! ಈ ಸಲ ಇಷ್ಟು ಬೇಗ..."

"ಹೋಗಿಲ್ಲಮ್ಮ. ಯಾವತ್ತೂ ಹೋಗಿಲ್ಲ."

ನಲ್ಲಿಯ ನೀರು ಕೊಡ ತುಂಬಿ ಹೊರಗೆ ಹರಿಯತೊಡಗಿತು. ಯಾರೂ ತಿರುಗಿಸಲಿಲ್ಲ. ಕಲ್ಯಾಣಿ ಹೇಳಿದಳು: ಹತ್ತೊಂಬತ್ತನೇ ವಯಸ್ಸಿನಿಂದ ಕೂದಲಿಲ್ಲ, ಇದು ವಿಗ್ಗು, ಗಿಡ್ಡದ್ದು ಇನ್ನೊಂದು ಒಳಗಿದೆ. ಅಮೃತಾಗೆ ಬಂದಿರುವುದೂ ಇದೇ ಕಾಯಿಲೆ ಇರಬಹುದು. ಮುಡಿ ಕೊಟ್ಟರೆ ಬರುತ್ತದೆ ಎಂದು ನನ್ನನ್ನು ನೋಡಿ ನಂಬಬೇಡಿ. ನನಗೆ ಬಂದಿಲ್ಲ.

ಮೊದಲು ಮಾತಾಡಿದವಳು ಮುನಿಶಾಮಮ್ಮ. "ಮತ್ತೆ ಲಾಡು?"

"ಯಶವಂತಪುರದ ಅಂಗಡೀದು. ಪಚ್ಚಕರ್ಪೂರ ನಾನೇ ಹಾಕ್ತಿದ್ದೆ."

"ಕಣ್ಣಿಗೊತ್ಕೊಂಡು ತಿಂದಿದ್ದೀನಿ ಕಣೇ ಅದನ್ನ." ಮುನಿಶಾಮಮ್ಮನ ದನಿ ಏರಲಿಲ್ಲ. "ಸ್ನಾನ ಮಾಡ್ದೆ ಮುಟ್ಟಿಲ್ಲ. ಒಂದು ಕಾಳು ಕೆಳಗೆ ಬಿದ್ರೆ ಆಯ್ಕೊಂಡು ತಿಂದಿದ್ದೀನಿ. ಎಂಟು ವರ್ಷ."

"ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು," ಎಂದಳು ವರಲಕ್ಷ್ಮಮ್ಮ. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು.

ಕಲ್ಯಾಣಿ ಡಬ್ಬಿಯ ಮುಚ್ಚಳ ತೆಗೆದು ನಲ್ಲಿಯ ಕಟ್ಟೆಯ ಮೇಲಿಟ್ಟಳು. ಹಳದಿ ಹೋಗಿ ಕಂದಾದ ಗಂಟುಗಳು. "ಒಂದೂ ಬಿಚ್ಚಿಲ್ಲಮ್ಮ." ಮುನಿಶಾಮಮ್ಮ ಬಗ್ಗಿ ಕೈಯಾಡಿಸಿ ತನ್ನದನ್ನು ಹುಡುಕಿದಳು. ಸೀರೆಯ ಅಂಚು ಹರಿದು ಕಟ್ಟಿದ್ದರಿಂದ ಗುರುತು ಸಿಕ್ಕಿತು. ಮಗುವಿನ ದಡಾರಕ್ಕೆ ಕಟ್ಟಿದ ಮುಡಿಪು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಕಲ್ಯಾಣಿಯ ಬೋಳುತಲೆಯನ್ನಲ್ಲ, ಕಣ್ಣನ್ನು ನೋಡಿದಳು.

"ಹರಕೆ ತೀರೇ ಇಲ್ಲ. ನಾನು ತೀರಿತು ಅಂತ ಕೂತಿದ್ದೆ. ಅದಕ್ಕೇ ಮಗೂಗೆ ಹಿಂಗಾಗಿರೋದು. ಅಲ್ವೇನೇ?"

ಕಲ್ಯಾಣಿ ಎಲ್ಲದಕ್ಕೂ ಸಿದ್ಧಳಾಗಿ ಬಂದಿದ್ದಳು. ಈ ಒಂದು ಮಾತು ಅವಳಿಗೆ ಹೊಳೆದಿರಲಿಲ್ಲ. ಹಾಗಲ್ಲ ಎಂದು ಅವಳಿಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು. ಆದರೆ ಎಂಟು ವರ್ಷ ಪ್ರಸಾದವೆಂದು ಅಂಗಡಿಯ ಲಾಡು ಹಂಚಿದ ಬಾಯಿಂದ ಹಾಗಲ್ಲ ಎನ್ನಲು ಮಾತು ಹೊರಡಲಿಲ್ಲ. ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡು ಒಳಗೆ ಹೋದರು.

ಅಮೃತಾ ಮಾತ್ರ ನಿಂತಿದ್ದಳು. "ಮುಟ್ಲಾ ಆಂಟಿ?"

ಕಲ್ಯಾಣಿ ಬಗ್ಗಿದಳು. ಸಣ್ಣ ಬೆರಳುಗಳು ನೆತ್ತಿಯ ಮೇಲೆ ಹರಿದಾಡಿದವು. ಅಪ್ಪ ಹೋದ ಮೇಲೆ ಆ ತಲೆಯನ್ನು ಯಾರೂ ಮುಟ್ಟಿರಲಿಲ್ಲ.

"ನುಣ್ಣಗಿದೆ," ಎಂದಿತು ಮಗು. ಆಮೇಲೆ, "ನಂಗೂ ಹಿಂಗೇ ಆಗುತ್ತಾ?"

"ಆಗಬಹುದು ಕಣಮ್ಮ. ಆಗ್ದೇನೂ ಇರಬಹುದು. ಎಷ್ಟೋ ಮಕ್ಕಳಿಗೆ ವಾಪಸ್ ಬರುತ್ತೆ. ಮುಲಾಮು ಮಾತ್ರ ಮತ್ತೆ ಹಚ್ಚಿಸ್ಕೋ, ಬಿಡಬೇಡ."

"ಅಮೃತಾ!" ಎಂದು ಒಳಗಿಂದ ಅಜ್ಜಿ ಕೂಗಿದಳು. ಮಗು ಓಡಿತು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಆವತ್ತು ಕೆಲಸಕ್ಕೆ ಹೋಗದೆ, ಮಧ್ಯಾಹ್ನ ಕಲ್ಯಾಣಿ ರಾಗಿಹಿಟ್ಟಿನ ಡಬ್ಬಕ್ಕೆ ಫೋನನ್ನು ಒರಗಿಸಿಟ್ಟು, ಕಿಟಕಿಯ ಬೆಳಕು ಮುಖಕ್ಕೆ ಬೀಳುವ ಹಾಗೆ ಕೂತಳು. ಹುಬ್ಬಿನ ಪೆನ್ಸಿಲ್ ಕೈಗೆತ್ತಿಕೊಂಡವಳು ಹಾಗೇ ಕೆಳಗಿಟ್ಟಳು. "ನನ್ನ ಹೆಸರು ಕಲ್ಯಾಣಿ. ನಾನು ಎಂಟು ವರ್ಷ ತಿರುಪತಿಗೆ ಹೋಗಿದ್ದೆ ಅಂತ ಸುಳ್ಳು ಹೇಳಿದ್ದೀನಿ," ಎಂದು ಶುರುಮಾಡಿದಳು. ಕೊನೆಗೆ, ಇಷ್ಟವಿದ್ದರೆ ಕೊಡಿ, ನನಗೋಸ್ಕರ ಅಲ್ಲ, ನಮ್ಮ ಎದುರುಮನೇಲಿ ಒಂದು ಮಗು ಇದೆ ಎಂದಳು. ಮಗುವಿನ ಹೆಸರು ಹೇಳಲಿಲ್ಲ. ಎರಡು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ. ಮತ್ತೆ ನೋಡದೆ ಕಳಿಸಿಬಿಟ್ಟಳು.

ಶನಿವಾರದ ಬಸ್ಸಿಗೆ ಮುನಿಶಾಮಮ್ಮ ಒಬ್ಬಳೇ ಹೋದಳು. ಹತ್ತೊಂಬತ್ತು ಗಂಟನ್ನೂ ಸೆರಗಿನಲ್ಲಿ ಕಟ್ಟಿಕೊಂಡು. ಸೋಮವಾರ ಬಂದಳು, ನುಣ್ಣಗಿನ ತಲೆಗೆ ಗಂಧ ಮೆತ್ತಿಕೊಂಡು. ಮೊಮ್ಮಗಳ ಮುಡಿ ಕೊಡದೆ ಅರುವತ್ತಮೂರು ವರ್ಷದ ತನ್ನ ನರೆಗೂದಲನ್ನು ಕೊಟ್ಟು ಬಂದಿದ್ದಳು. ತೀರದೆ ಉಳಿದಿದ್ದ ಹರಕೆಗೆ ತಪ್ಪುಕಾಣಿಕೆಯಂತೆ. ಮನೆಮನೆಗೂ ಹೋಗಿ ಲಾಡು ಹಂಚಿದಳು. ಕಲ್ಯಾಣಿಯ ಬಾಗಿಲು ತೆರೆದೇ ಇತ್ತು. ಮುನಿಶಾಮಮ್ಮನ ಹೆಜ್ಜೆ ಅದರ ಮುಂದೆ ನಿಧಾನವಾಗಲಿಲ್ಲ. ಏಲಕ್ಕಿ, ತುಪ್ಪ, ಪಚ್ಚಕರ್ಪೂರದ ವಾಸನೆ ಮಾತ್ರ ಒಳಗೆ ಬಂತು. ತನ್ನ ಲಾಡಿನಲ್ಲಿ ಕರ್ಪೂರ ಸ್ವಲ್ಪ ಹೆಚ್ಚಾಗುತ್ತಿತ್ತು ಎಂದು ಕಲ್ಯಾಣಿಗೆ ಆವತ್ತು ತಿಳಿಯಿತು.

ಆದರೆ ಬಿಡಿಸಿದ್ದ ಮಗುವಿನ ಮುಲಾಮು ಮತ್ತೆ ಶುರುವಾಗಿತ್ತು. ಬೆಳಿಗ್ಗೆ ಸಂಜೆ ಅಜ್ಜಿ ಅದನ್ನು ತಾನೇ ಹಚ್ಚುವುದು ಎದುರಿನ ಕಿಟಕಿಯಿಂದ ಕಾಣುತ್ತಿತ್ತು.

ವಿಡಿಯೋ ಫೋನಿಂದ ಫೋನಿಗೆ ಹೋಯಿತು. ಅಣ್ಣ ಅಂಬರೀಶ್ ಫೋನ್ ಮಾಡಿ, "ಊರಲ್ಲಿ ತಲೆ ಎತ್ತಂಗಿಲ್ಲ ಮಾಡಿದ್ಯಲ್ಲೇ" ಎಂದ. ಫೋನ್ ಇಡುವ ಮುಂಚೆ, "ಊಟ ಆಯ್ತಾ?" ಎಂದೂ ಕೇಳಿದ. ಕೆಳಗೆ ಬರೆದವರಲ್ಲಿ ನಕ್ಕವರು ಬಹಳ. ಫ್ಯಾಕ್ಟರಿಯ ಬಾಗಿಲಲ್ಲಿ ರಮೇಶ್‌ಬಾಬು ಒಬ್ಬೊಬ್ಬರ ಟೋಪಿ ನೋಡುತ್ತಾ ಬಂದವನು ಅವಳ ಹತ್ತಿರ ಬಂದಾಗ ಕಣ್ಣು ಕೆಳಗೆ ಹಾಕಿ, "ಹೋಗಿ ಹೋಗಿ" ಎಂದ. ಕಲ್ಯಾಣಿ ಅವರನ್ನ ನೋಡಿ ಕಲೀರಿ ಎಂಬ ಮಾತು ಆ ಹಾಲಿನಲ್ಲಿ ಮತ್ತೆ ಕೇಳಿಸಲಿಲ್ಲ. ಅವಳಿಗೆ ಅದು ಬೇಕಾಗಿತ್ತು. ಅವನು ಗೇಲಿ ಮಾಡಿದ್ದರೂ ಇಷ್ಟು ದೂರವಾಗುತ್ತಿರಲಿಲ್ಲ.

ಹೊಂಗೆಮರದ ಕೆಳಗೆ ಅವಳು ಪಟ್ಟಿ ನೋಡುವುದು ಮಾತ್ರ ನಿಲ್ಲಲಿಲ್ಲ. ಒಂದು ವಾರದ ನಂತರ ಅಲ್ಲೊಂದು ಬದಲಾವಣೆ ಕಂಡಿತು. ಐನೂರು, ಸಾವಿರಗಳ ನಡುವೆ ಐವತ್ತೊಂದು. ನೂರಾಒಂದು. ಹನ್ನೊಂದು. ಮತ್ತೆ ನೂರಾಒಂದು. ಎಲ್ಲದರ ಪಕ್ಕದಲ್ಲೂ ಅದೇ, ಅನಾನಿಮಸ್. ಒಂದಕ್ಕೆ ಮಾತ್ರ ಕೆಳಗೆ ಕನ್ನಡದಲ್ಲಿ 'ಜಂಗಮಕೋಟೆಯಿಂದ' ಎಂದಷ್ಟೇ ಇತ್ತು.

ಆ ಮೇಲಿನ ಒಂದು ರೂಪಾಯಿಯನ್ನು ಅವಳು ನೋಡುತ್ತಾ ಕೂತಳು. ಆಸ್ಪತ್ರೆಗೆ ಕೊಡುವ ದುಡ್ಡಿಗೆ ಯಾರೂ ಒಂದು ರೂಪಾಯಿ ಸೇರಿಸುವುದಿಲ್ಲ. ಮದುವೆಯ ಮುಯ್ಯಿಗೆ, ತಟ್ಟೆಯ ಕಾಣಿಕೆಗೆ, ಮುಡಿಪಿನ ಗಂಟಿಗೆ ಸೇರಿಸುತ್ತಾರೆ. ನಮ್ಮ ಕಡೆಯವರೇ. ರೇಷ್ಮೆಹುಳದ ಮನೆಯಿಂದ ಹೊರಗೆ ಬಂದು, ಸೆರಗು ಬಿಗಿಯಾಗಿ ಎಳೆದುಕೊಂಡು, ಯಾರೂ ಇಲ್ಲದ ಕಡೆ ನಿಂತು ಫೋನಿನಲ್ಲಿ ಐವತ್ತೊಂದು ಎಂದು ಒತ್ತಿದ ಬೆರಳು ಅವಳಿಗೆ ಕಂಡಂತಾಯಿತು. ಹೆಸರು ಹೇಳಲು ಅವರಿಗೂ ಆಗಿಲ್ಲ. ಹೇಳಲಿ ಎಂದು ಅವಳಿಗೂ ಅನಿಸಲಿಲ್ಲ.

ಕೊನೆಯ ದಿನ ಮಧ್ಯಾಹ್ನದವರೆಗೂ ಅರ್ಧಕ್ಕೆ ಸ್ವಲ್ಪ ಕಡಿಮೆಯೇ ಇತ್ತು. ಸಂಜೆ ಐದರ ಪಾಳಿ ಬಿಟ್ಟಾಗ ದಾಟಿತ್ತು. ಅಷ್ಟೇ, ತುಂಬಲಿಲ್ಲ. ಡಾಕ್ಟರು ಫೋನ್ ಮಾಡಿ, ನೂರು ಜನರ ಬದಲು ನಲವತ್ತು ಜನರಿಂದ ಶುರುಮಾಡುವುದಾಗಿ ಹೇಳಿದರು. ಲೇಪ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಮೂರು ವರ್ಷವಾದರೂ ಬೇಕು. "ಮಗುವನ್ನ ತಗೊಳ್ಳಕ್ಕಾಗಲ್ಲ, ಹದಿನೆಂಟು ತುಂಬಿರಬೇಕು. ನೀವು ಬರ್ತೀರಾ?"

"ಬರ್ತೀನಿ ಸಾರ್."

ಹೀಗೆ, ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಒಂದು ಬೆಳಿಗ್ಗೆ, ಪ್ರತಿ ವರ್ಷ ಹೊರಡುತ್ತಿದ್ದ ಅದೇ ಹೊತ್ತಿಗೆ, ಅದೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಕಲ್ಯಾಣಿ ಬಾಗಿಲಿಗೆ ಬೀಗ ಹಾಕಿದಳು. ತಲೆಗೆ ಹತ್ತಿಬಟ್ಟೆ ಕಟ್ಟಿದ್ದಳು. ಈ ಸಲ ಬಿಸಿಲಿಗೆಂದು ಕಟ್ಟಿದ್ದು, ಅಷ್ಟೇ. ನಲ್ಲಿಯ ಹತ್ತಿರ ಮುನಿಶಾಮಮ್ಮ ಪಾತ್ರೆ ತೊಳೆಯುತ್ತಿದ್ದಳು. ಎರಡು ತಿಂಗಳ ಬಿಳಿ ಕೂದಲು ಅವಳ ತಲೆಯ ಮೇಲೆ ಅಕ್ಕಿತರಿಯ ಹಾಗೆ ಎದ್ದಿತ್ತು. ಅಮೃತಾ ಮೆಟ್ಟಿಲ ಮೇಲೆ ಕೂತು ಮಗ್ಗಿ ಹೇಳುತ್ತಿದ್ದಳು. ಅವಳ ಕಿವಿಯ ಹಿಂದಿನ ಜಾಗದಲ್ಲಿ ಬೆಳ್ಳಗೆ ನವಿರಾದದ್ದೇನೋ ಮೂಡಿತ್ತು. ಉಳಿದೆರಡು ಹಾಗೇ ಇದ್ದವು. ಅದು ಮುಲಾಮಿನದೋ ಸ್ವಾಮಿಯದೋ ಎಂದು ಎರಡು ಮನೆಯವರೂ ಕೇಳಿಕೊಂಡಿರಲಿಲ್ಲ.

ಕಲ್ಯಾಣಿ ತಲೆ ತಗ್ಗಿಸಿ ನಲ್ಲಿಯನ್ನು ದಾಟಿದಳು. ನಾಲ್ಕು ಹೆಜ್ಜೆ ಹೋಗಿರಬೇಕು.

"ಏಯ್," ಎಂದಿತು ಹಿಂದಿನಿಂದ. ಎರಡು ತಿಂಗಳಲ್ಲಿ ಮೊದಲ ಮಾತು.

ತಿರುಗಿದಳು. ಮುನಿಶಾಮಮ್ಮ ತಲೆ ಎತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ಉಜ್ಜುತ್ತಿದ್ದಳು.

"ಬರ್ತಾ ಲಾಡು ಗೀಡು ತರಬೇಡ."

"ಇಲ್ಲಮ್ಮ," ಎಂದಳು ಕಲ್ಯಾಣಿ.

ಇನ್ನೇನಾದರೂ ಬರಬಹುದೆಂದು ಸ್ವಲ್ಪ ನಿಂತಳು. ಬರಲಿಲ್ಲ. ನಲ್ಲಿಯ ಸದ್ದು, ಮಗುವಿನ ಏಳರ ಮಗ್ಗಿ. ಅವಳು ಗೇಟು ದಾಟಿ, ಬೀದಿಯ ಕೊನೆಯ ತಿರುವು ದಾಟಿ, ಸ್ಟೇಷನ್ನಿನ ಉದ್ದನೆಯ ಕಾಂಪೌಂಡಿನ ಪಕ್ಕದಲ್ಲಿ ನಡೆಯುವಾಗ ಆ 'ಲಾಡು ಗೀಡು' ನೆನಪಾಗಿ ಒಮ್ಮೆಲೇ ನಗು ಬಂತು. ನಿಂತು, ಗೋಡೆಗೆ ಕೈಯೂರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಯಾರೂ ಇರಲಿಲ್ಲ.